ತರಚಿದ ಗಾಯ: ಮದ್ದಿಗಿಂತ ಮೊದಲು ನೀರು

ಮಂಡಿ ತರಚಿದ ಕೂಡಲೇ ಮದ್ದಿನ ಬಾಟಲಿಗಾಗಿ ಹುಡುಕಾಟ ಆರಂಭವಾಗುತ್ತದೆ. ಗಾಯಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ, ಉರಿಯುವಂಥದ್ದೇನನ್ನಾದರೂ ಸುರಿದು, ಉರಿಯಿತೆಂಬ ಕಾರಣಕ್ಕೇ ರೋಗಾಣುಗಳೆಲ್ಲ ಸತ್ತವೆಂದು ನಂಬುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಸಣ್ಣ ಗಾಯದಲ್ಲಿ ಉಳಿದ ರೋಗಾಣುಗಳನ್ನು ಕೊಲ್ಲುವುದು ದೇಹಕ್ಕೆ ಚೆನ್ನಾಗಿ ಗೊತ್ತಿರುವ ಕೆಲಸ. ಅದಕ್ಕೆ ಕಷ್ಟವಾಗುವುದು ಒಳಗೆ ಹೊಕ್ಕ ಮರಳು, ಮಣ್ಣು, ಬಟ್ಟೆಯ ಎಳೆಗಳನ್ನು ಹೊರಹಾಕುವುದು. ನಮ್ಮ ನೆರವು ಬೇಕಾಗಿರುವುದು ಅಲ್ಲಿ.

ಮೊದಲು ನಿಮ್ಮ ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಿ. ರಕ್ತ ಒಸರುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ಇಣುಕಬೇಡಿ. ಹತ್ತು–ಹದಿನೈದು ನಿಮಿಷ ಒತ್ತಿದರೂ ನಿಲ್ಲದ ರಕ್ತ, ಬಾಯಿ ತೆರೆದುಕೊಂಡ ಆಳದ ಗಾಯ, ಪ್ರಾಣಿಯ ಕಡಿತ ಇವು ವೈದ್ಯರಿಗೇ ಸೇರಿದವು. ಆದರೆ ಪ್ರಾಣಿ ಕಚ್ಚಿದ್ದರೆ ಆಸ್ಪತ್ರೆಗೆ ಹೊರಡುವ ಮುನ್ನ ಸಾಬೂನು ಮತ್ತು ನೀರಿನಿಂದ 15 ನಿಮಿಷ ತೊಳೆಯುವುದನ್ನು ಬಿಡಬಾರದು.

ಇನ್ನು ಹೆಚ್ಚಿನವರು ಕೆಡಿಸುವ ಹಂತ: ತೊಳೆಯುವುದು. ಕುಡಿಯಲು ಯೋಗ್ಯವಾದ ನಲ್ಲಿ ನೀರು ಸಾಕು. ಅದರ ಬದಲು ಸಲೈನ್ (ಶುದ್ಧೀಕರಿಸಿದ ಉಪ್ಪುನೀರು) ಬಳಸಿದರೆ ಸೋಂಕು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಗಾಯವನ್ನು ಪಾತ್ರೆಯ ನೀರಿನಲ್ಲಿ ಅದ್ದಿಡಬೇಡಿ, ಹರಿಯುವ ನೀರಿಗೆ ಹಿಡಿಯಿರಿ, ಏಕೆಂದರೆ ಕೊಳೆಯನ್ನು ಎಬ್ಬಿಸಿ ಒಯ್ಯುವುದು ನೀರಿನ ರಭಸವೇ. ಐದು ನಿಮಿಷವಾದರೂ ಹಿಡಿಯಿರಿ. ಗಡಿಯಾರ ನೋಡದಿದ್ದರೆ ಅರ್ಧ ನಿಮಿಷವೇ ಐದು ನಿಮಿಷದಂತೆ ತೋರುತ್ತದೆ. ಸಾಬೂನನ್ನು ಗಾಯದ ಸುತ್ತಲಿನ ಚರ್ಮಕ್ಕೆ ಹಚ್ಚಿ, ಒಳಕ್ಕೆ ಉಜ್ಜಬೇಡಿ. ಅನಂತರ ಒಳ್ಳೆಯ ಬೆಳಕಿನಲ್ಲಿ ನೋಡಿ, ಉಳಿದ ಕಲ್ಲುಚೂರುಗಳನ್ನು ಸ್ಪಿರಿಟ್‌ನಿಂದ ಒರೆಸಿದ ಚಿಮಟದಿಂದ ತೆಗೆದು, ಮತ್ತೊಮ್ಮೆ ತೊಳೆಯಿರಿ. ಹತ್ತಿಯಿಂದ ಒರೆಸುವುದು ನನಗೆ ಒಪ್ಪಿಗೆಯಿಲ್ಲ. ಕೊಳೆ ಹೋಗುವ ಮೊದಲೇ ಅದರ ಎಳೆಗಳು ಗಾಯದಲ್ಲಿ ಕುಳಿತುಬಿಡುತ್ತವೆ.

ಒಂದು ಎಳೆಗೆ ಇಷ್ಟು ಹೆದರಿಕೆಯೇಕೆ ಎಂದರೆ, 1957ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಬೇಕು. ಸ್ವಯಂಸೇವಕರ ಚರ್ಮದಲ್ಲಿ ಕೀವು ಕಟ್ಟಿಸಲು ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಗಳು ಹತ್ತಾರು ಲಕ್ಷದ ಲೆಕ್ಕದಲ್ಲಿ ಬೇಕಾದವು; ಜೊತೆಗೆ ಹೊಲಿಗೆಯ ರೇಷ್ಮೆ ದಾರವೊಂದು ಇದ್ದಾಗ ಕೆಲವೇ ನೂರು ಸಾಕಾದವು. ಹೊರವಸ್ತುವಿನ ಮರೆಯಲ್ಲಿ ಕುಳಿತ ಬ್ಯಾಕ್ಟೀರಿಯಾವನ್ನು ಬಿಳಿ ರಕ್ತಕಣಗಳು ಸುಲಭವಾಗಿ ನುಂಗಲಾರವು.

ಉರಿಯುವ ದ್ರವಗಳ ವಿಷಯಕ್ಕೆ ಬರೋಣ. ಹೈಡ್ರೋಜನ್ ಪೆರಾಕ್ಸೈಡ್ ಸುರಿದಾಗ ಏಳುವ ನೊರೆ ನೋಡಲು ಬಲು ಚೆಂದ, ಆದರೆ ಅದು ಹೊಸ ಚರ್ಮ ಕಟ್ಟುವ ಜೀವಕೋಶಗಳಿಗೂ ಹಾನಿಕರ, ಸ್ಪಿರಿಟ್ಟೂ ಹಾಗೆಯೇ. ಮುಂದೆ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, ಮೊದಲ ಮಹಾಯುದ್ಧದ ಕಾಲದಲ್ಲೇ, ಆಳದ ಗಾಯಗಳಿಗೆ ಸುರಿದ ನಂಜುನಿರೋಧಕಗಳು ಬ್ಯಾಕ್ಟೀರಿಯಾಗಳಿಗಿಂತ ಹೆಚ್ಚಾಗಿ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತವೆಂದು ತೋರಿಸಿದ್ದರು. ಕಾವಲುಗಾರನನ್ನೇ ಹೊಡೆದು ಕಳ್ಳನನ್ನು ಓಡಿಸಲು ಹೊರಟಂತಹ ಚಿಕಿತ್ಸೆ ಅದು.

ತೊಳೆದ ಮೇಲೆ ಸುತ್ತಲಿನ ಚರ್ಮವನ್ನು ಒತ್ತಿ ಒಣಗಿಸಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟಿಕೊಳ್ಳದ ಪಟ್ಟಿಯಿಂದ ಮುಚ್ಚಿ, ದಿನಕ್ಕೊಮ್ಮೆ ಮತ್ತು ಒದ್ದೆಯಾದಾಗಲೆಲ್ಲ ಬದಲಾಯಿಸಿ. ಗಾಳಿಗೆ ಬಿಟ್ಟರೆ ಬೇಗ ಮಾಯುತ್ತದೆಂಬ ಮಾತನ್ನು ಕೇಳಬೇಡಿ. ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿ 1962ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಕ್ಕಳೆಗಟ್ಟಲು ಬಿಟ್ಟ ಗಾಯಕ್ಕಿಂತ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹರಡಿತು. ಆ್ಯಂಟಿಬಯಾಟಿಕ್ ಪುಡಿಯನ್ನು ಉದುರಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಅಡ್ಡದಾರಿ: ಅದು ಗಟ್ಟಿಯಾಗಿ ಹೆಪ್ಪುಗಟ್ಟಿ, ತೊಳೆದು ತೆಗೆದ ಕೊಳೆಯ ಜಾಗದಲ್ಲಿ ತಾನೇ ಕೂರುತ್ತದೆ.

ಮೊದಲ ಎರಡು ದಿನ ಅಂಚು ಕೆಂಪಾಗಿ, ಬೆಚ್ಚಗಾಗಿ, ತುಸು ಊದಿಕೊಂಡರೆ ಗಾಬರಿ ಬೇಡ. ಗಾಯದ ಸುತ್ತಲಿನ ರಕ್ತನಾಳಗಳು ಹಿಗ್ಗಿ, ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳೂ, ಅವುಗಳ ಹಿಂದೆಯೇ ಸತ್ತ ಕೋಶಗಳನ್ನು ನುಂಗಿ ಜಾಗ ಶುಚಿಗೊಳಿಸುವ ಮ್ಯಾಕ್ರೋಫೇಜ್‌ಗಳೂ ಬಂದಿಳಿಯುವಾಗ ಹಾಗಾಗುವುದು ಸಹಜ. ದಿನ ಕಳೆದಂತೆ ನೋವು ಇಳಿಯಬೇಕು. ಇಳಿಯದೆ ಏರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಕಾಣಿಸಿದರೆ, ಗಾಯದಿಂದ ಕಂಕುಳು ಅಥವಾ ತೊಡೆಸಂದಿನ ಕಡೆಗೆ ಕೆಂಪು ಗೆರೆ ಎದ್ದರೆ, ಅದೇ ದಿನ ವೈದ್ಯರನ್ನು ಕಾಣಿರಿ. ಮಧುಮೇಹಿಗಳು ಇಷ್ಟು ದೂರ ಕಾಯುವುದೇ ಬೇಡ.

ತೊಳೆದು ಮುಚ್ಚಿದ ದಿನವೇ ಧನುರ್ವಾಯು ಲಸಿಕೆಯ ಲೆಕ್ಕವನ್ನೂ ನೋಡಿ. ಪ್ರಾಥಮಿಕ ಡೋಸುಗಳು ಪೂರ್ಣವಾಗಿರುವವರಿಗೆ, ಗಾಯ ಸಣ್ಣದಾಗಿ ಶುಭ್ರವಾಗಿದ್ದರೆ ಕಳೆದ ಡೋಸಿನಿಂದ 10 ವರ್ಷ, ಮಣ್ಣು ಮೆತ್ತಿದ್ದರೆ ಅಥವಾ ಆಳವಾಗಿದ್ದರೆ 5 ವರ್ಷ ಕಳೆದಿದ್ದರೆ ಮತ್ತೊಂದು ಡೋಸ್ ಬೇಕು. ಎಂದು ಹಾಕಿಸಿಕೊಂಡಿರೆಂಬುದೇ ನೆನಪಿಲ್ಲದಿದ್ದರೆ ಹಾಗೆಂದೇ ವೈದ್ಯರಿಗೆ ತಿಳಿಸಿ. ಉಳಿದುದನ್ನು ಅವರು ನಿರ್ಧರಿಸುತ್ತಾರೆ.