ತೊಡು, ತೊಡಿಸು, ತೊಟ್ಟುಕೊ: ಹೀಬ್ರೂ ನನಗೆ ಒಲಿದ ಬಗೆ

ಇಸ್ರೇಲಿನ ಹೈಫಾದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಉಡುಪಿಯಿಂದ ಹೊರಟಾಗ ನನಗಿದ್ದ ಹೀಬ್ರೂ ಎಂದರೆ ಶಾಲೋಮ್ (ನಮಸ್ಕಾರ), ತೊದಾ (ಧನ್ಯವಾದ), ಅಷ್ಟೆ. ಮೊದಲ ಚಳಿಗಾಲದ ಒಂದು ಬೆಳಿಗ್ಗೆ ಸ್ವೆಟರ್ ಹಿಡಿದು, ಹಾಕುತ್ತೇನೆ ಬನ್ನಿ ಎಂಬರ್ಥದಲ್ಲಿ ‘ಅನಿ ಲೊವೆಶೆತ್’ ಎಂದೆ. ಅಜ್ಜಿ ಸ್ವೆಟರನ್ನು ನನ್ನ ಕಡೆಗೇ ಸರಿಸಿ, ಚಳಿಯಾಗುತ್ತಿದ್ದರೆ ನೀನು ಹಾಕಿಕೊ ಎಂದು ಸನ್ನೆ ಮಾಡಿದರು. ನಾನು ಹೇಳಿದ್ದು ‘ನಾನು ತೊಡುತ್ತೇನೆ’ ಎಂದಾಗಿತ್ತು. ‘ತೊಡಿಸುತ್ತೇನೆ’ ಎನ್ನಲು ‘ಮಲ್ಬಿಶಾ’ ಬೇಕಿತ್ತು.

ಸಂಜೆ ಬಂದ ಅಜ್ಜಿಯ ಮಗಳು ಕಾಗದದ ಮೇಲೆ ಮೂರು ಅಕ್ಷರ ಬರೆದು ತೋರಿಸಿದರು: ಲ್-ಬ್-ಶ್. ಇದು ‘ಶೊರೆಶ್’, ಅಂದರೆ ಬೇರು. ಲಿಲ್ಬೊಶ್ ಎಂದರೆ ತೊಡುವುದು, ಲೆಹಲ್ಬಿಶ್ ಎಂದರೆ ಬೇರೆಯವರಿಗೆ ತೊಡಿಸುವುದು, ಲೆಹಿತ್ಲಬೆಶ್ ಎಂದರೆ ತಾನೇ ತೊಟ್ಟುಕೊಳ್ಳುವುದು. ಅಷ್ಟು ದಿನ ಇಂಗ್ಲಿಷ್ ಅರ್ಥ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ‘ಇಸು’ ಮತ್ತು ‘ಕೊಳ್ಳು’ ಮಾಡುವ ಕೆಲಸವನ್ನೇ ಇವರು ಬೇರಿನ ಸುತ್ತ ಸ್ವರ ಬದಲಿಸಿ, ಮುಂದೆ ಒಂದೆರಡು ಅಕ್ಷರ ಸೇರಿಸಿ ಮಾಡುತ್ತಾರೆ! ಲೆಎಖೊಲ್ ತಿನ್ನುವುದು, ಲೆಹಾಅಖಿಲ್ ತಿನ್ನಿಸುವುದು. ನನ್ನ ದಿನದ ಕೆಲಸವೆಲ್ಲ ಉಣಿಸುವುದು, ತೊಡಿಸುವುದು, ಏಳಿಸುವುದೇ ಆಗಿದ್ದರಿಂದ ಈ ಒಂದು ಅಚ್ಚು ಸಿಕ್ಕಿದ್ದು ದೊಡ್ಡ ಆಸರೆಯಾಯಿತು.

ಲೊವೆಶೆತ್‌ನಲ್ಲಿ ‘ಬ’ ಎಲ್ಲಿ ಹೋಯಿತು ಎಂದು ಕೇಳಬಹುದು. ಬರೆಯುವ ಅಕ್ಷರ ಒಂದೇ, ಕೆಲವು ಕಡೆ ‘ವ’ ಎಂದು ನುಡಿಯುತ್ತದೆ. ಹಾಗೆಯೇ ಪ-ಫ, ಕ-ಖ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆಗುವುದನ್ನು ಶಾಲೆಯಲ್ಲಿ ಕಲಿತ ನಮಗೆ ಇದು ತೀರಾ ಹೊಸದಲ್ಲ. ಆದರೆ ಕಿವಿ ಪಳಗಲು ನನಗೆ ತಿಂಗಳುಗಳೇ ಹಿಡಿದವು.

ಒಂದು ನೋಟ್‌ಬುಕ್ ಮಾಡಿಕೊಂಡೆ. ಒಂದು ಬೇರಿಗೆ ಒಂದು ಪುಟ. ಯಾರೋ ಹೇಳಿಕೊಟ್ಟ ಪದ ಪೆನ್ಸಿಲಿನಲ್ಲಿ. ಅದು ಯಾರದಾದರೂ ಬಾಯಲ್ಲಿ ಸಹಜವಾಗಿ ಬಂದದ್ದನ್ನು ನಾನೇ ಕೇಳಿದ ಮೇಲೆ ಅದರ ಮೇಲೆ ಪೆನ್ನು. ಈ ನಿಯಮವನ್ನು ಎಂದೂ ಮುರಿಯಲಿಲ್ಲ, ಏಕೆಂದರೆ ಅಚ್ಚಿಗೆ ಹೊಯ್ದು ನಾವೇ ಪದ ಮಾಡಹೊರಟರೆ ಭಾಷೆ ಒಪ್ಪುವುದಿಲ್ಲ. ಕುಡಿಯುವುದು ಲಿಶ್ತೊತ್. ಕುಡಿಸುವುದಕ್ಕೆ ಅದೇ ಬೇರಿನಿಂದ ಪದ ಹುಡುಕಿದೆ, ಸಿಗಲಿಲ್ಲ. ಗಿಡಕ್ಕೆ ನೀರು ಹಾಕುವ, ದನಕ್ಕೆ ನೀರು ಕುಡಿಸುವ ‘ಲೆಹಶ್ಕೊತ್’ ಬೇರೆಯೇ ಬೇರಿನದು. ಅಜ್ಜಿಯ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ‘ಲತೆತ್ ಲಿಶ್ತೊತ್’, ಕುಡಿಯಲು ಕೊಡುವುದು ಎಂದು. ನಾನೂ ಹಾಗೇ ಹೇಳತೊಡಗಿದೆ.

ಓದುವುದಕ್ಕೂ ಬೇರುಗಳೇ ದಾರಿ. ಬೋರ್ಡುಗಳಲ್ಲಿ, ಪತ್ರಿಕೆಗಳಲ್ಲಿ ಸ್ವರಚಿಹ್ನೆ ಹಾಕುವುದಿಲ್ಲ. ಕಾಗುಣಿತವನ್ನೆಲ್ಲ ಅಳಿಸಿದ ಕನ್ನಡವನ್ನು ನೆನೆಸಿಕೊಳ್ಳಿ. ಸ್-ಪ್-ರ್ ಎಂದು ಮೂರೇ ಅಕ್ಷರ ಇದ್ದರೆ ಅದು ಸೆಫೆರ್ ಆಗಬಹುದು, ಪುಸ್ತಕ; ಸಪಾರ್ ಆಗಬಹುದು, ಕ್ಷೌರಿಕ; ಸಫಾರ್ ಆಗಬಹುದು, ಎಣಿಸಿದ. ಪಕ್ಕದ ಪದ ನೋಡಿಯೇ ತಿಳಿಯಬೇಕು. ನನಗೆ ಮೊದಲು ಕಣ್ಣಿಗೆ ಕೂತದ್ದು ರ್-ಪ್-ಅ ಬೇರು: ರೊಫೆ ಡಾಕ್ಟರ್, ತ್ರುಫಾ ಔಷಧಿ, ಮಿರ್ಪಾಆ ಕ್ಲಿನಿಕ್. ಕಾಯಿಲೆಯವರಿಗೆ ಹಾರೈಸುವ ‘ರೆಫುಆ ಶ್ಲೆಮಾ’ದಲ್ಲೂ ಅದೇ. ಅದರ ಎರಡನೆಯ ಪದ ಶಾಲೋಮ್‌ನ ಬೇರಿನದು, ‘ಪೂರ್ತಿ’ ಎಂಬರ್ಥ. ಅಂಗಡಿಯಲ್ಲಿ ಹಣ ಕೊಡುವುದಕ್ಕೂ ಆ ಬೇರಿನ ‘ಲೆಶಲೆಮ್’ ಎನ್ನುತ್ತಾರೆ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಪುಟಗಳು ಎರಡು. ಲೆವಶೆಲ್ ಎಂದರೆ ಅಡುಗೆ ಮಾಡುವುದು, ಬಶೆಲ್ ಎಂದರೆ ಕಳಿತ ಹಣ್ಣು. ಒಲೆಯ ಮೇಲಿನದಕ್ಕೂ ಮರದ ಮೇಲಿನದಕ್ಕೂ ಒಂದೇ ಬೇರು ಹೇಗೆ ಎಂದು ಯೋಚಿಸುತ್ತಿದ್ದಾಗ ನಮ್ಮ ಪಾಕ, ಪಕ್ವ ನೆನಪಾದವು. ಇನ್ನೊಂದು ಹ್-ಶ್-ವ್. ಹೆಶ್ಬೊನ್ ಲೆಕ್ಕ, ಹೋಟೆಲಿನ ಬಿಲ್ಲು ಕೂಡ. ಮಹ್ಶೆವ್ ಕಂಪ್ಯೂಟರ್. ಹಶುವ್ ಎಂದರೆ ಮುಖ್ಯವಾದದ್ದು. ಗಣನೆ, ಗಣಕ, ಗಣ್ಯ! ಸಂಸ್ಕೃತದಿಂದ ಬಂದು ನಮ್ಮವಾದ ಈ ಪದಗಳಿಗೂ ಹೀಬ್ರೂವಿಗೂ ನೆಂಟಸ್ತನವಿಲ್ಲ. ಆದರೂ ಎಣಿಕೆಗೆ ಬರುವವರೇ ಮುಖ್ಯರು ಎಂದು ಎರಡು ಕಡೆಯವರಿಗೂ ತೋರಿತಲ್ಲ.

ಎಲ್ಲವನ್ನೂ ಹೀಗೆ ಬೆಸೆಯಲು ಹೋಗಬಾರದು. ಲೆಹೆಮ್ ಬ್ರೆಡ್, ಮಿಲ್ಹಮಾ ಯುದ್ಧ, ಎರಡರಲ್ಲೂ ಬೇರಿನ ಅಕ್ಷರಗಳು ಲ್-ಹ್-ಮ್. ರೊಟ್ಟಿಗಾಗಿಯೇ ಯುದ್ಧ ಎಂದು ಕತೆ ಕಟ್ಟುವವರಿದ್ದಾರೆ. ನಾನು ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದೆ.

ಮೊದಲ ದಿನದ ಪುಟದಲ್ಲಿ ಮೂರನೆಯ ಪದ ಬಹಳ ಕಾಲ ಪೆನ್ಸಿಲಿನಲ್ಲೇ ಉಳಿದಿತ್ತು. ಬಿದ್ದು ಸೊಂಟದ ಆಪರೇಷನ್ ಆದ ಮೇಲೆ ಅಜ್ಜಿಗೆ ಎಲ್ಲವನ್ನೂ ನಾನೇ ತೊಡಿಸುತ್ತಿದ್ದೆ. ಒಂದು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದಾಗ ಮಂಚದ ಅಂಚಿನಲ್ಲಿ ಕೂತಿದ್ದರು, ಸ್ವೆಟರಿನ ಗುಂಡಿ ಒಂದು ಮನೆ ತಪ್ಪಿತ್ತು. ‘ಹಿತ್ಲಬಶ್ತಿ’ ಎಂದರು, ನಾನೇ ತೊಟ್ಟುಕೊಂಡೆ. ಚಹಾ ಕೆಳಗಿಟ್ಟು ಪೆನ್ನು ಹುಡುಕಿದೆ.