ಹದಿನೆಂಟೂವರೆ ನ್ಯೂಟ್ರಾನ್ ಮತ್ತು ಎಂಟು ಡಬ್ಬಿಗಳು

ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುವವರಿಗೆಲ್ಲ ಈ ಉತ್ತರ ಗೊತ್ತು. ಕ್ಲೋರಿನ್‌ನಲ್ಲಿ ನ್ಯೂಟ್ರಾನ್ ಎಷ್ಟು? ಪರಮಾಣು ತೂಕ 35.5ರಲ್ಲಿ ಪ್ರೋಟಾನ್ ಸಂಖ್ಯೆ 17 ಕಳೆ, ಹದಿನೆಂಟೂವರೆ! ಅರ್ಧ ನ್ಯೂಟ್ರಾನ್ ಅಂತ ಇರುವುದಿಲ್ಲವಲ್ಲ. ಆರೇಳು ವರ್ಷ ಈ ಉತ್ತರಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ನಲವತ್ತು ಮಕ್ಕಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಹೀಗೇ ಬರೆಯುತ್ತಿದ್ದರು. ಕಳೆದ ವರ್ಷ ಬರೆದವರು ಮೂರೇ ಜನ. ಹೇಗಾಯಿತು ಅಂತ ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಥರ್ಮಾಕೋಲ್ ಮತ್ತು ಬಣ್ಣದ ಮಣಿಗಳಿಂದ ಪರಮಾಣುವಿನ ಮಾದರಿ ಮಾಡಿದೆ. ಕೈಯಿಂದ ಆರುನೂರು ರೂಪಾಯಿ ಹೋಯಿತು. ಮಕ್ಕಳಿಗೆ ನೆನಪುಳಿದದ್ದು ಪ್ರೋಟಾನ್ ಕೆಂಪು, ನ್ಯೂಟ್ರಾನ್ ನೀಲಿ ಅಂತ ಮಾತ್ರ. ತೂಕದ ವಿಷಯವನ್ನು ಕಣ್ಣಿಗೆ ತೋರಿಸಿ ಏನು ಪ್ರಯೋಜನ? ಅದು ಕೈಗೆ ತಿಳಿಯಬೇಕು, ತಕ್ಕಡಿಯಲ್ಲಿ ಕಾಣಬೇಕು.

ಹಾಗಾಗಿ ಹುಣಸೆ ಬೀಜ ತಂದೆ. ದುಡ್ಡಿಲ್ಲ, ಮನೆಯಲ್ಲೇ ಇತ್ತು. ಕ್ಲೋರಿನ್ ಪರಮಾಣುಗಳಲ್ಲಿ ಎರಡು ಬಗೆ: ಪ್ರೋಟಾನ್, ನ್ಯೂಟ್ರಾನ್ ಸೇರಿ ಕೆಲವಕ್ಕೆ 35, ಕೆಲವಕ್ಕೆ 37. ಹಾಗಾಗಿ ಒಂದು ಬೆಂಕಿಪೊಟ್ಟಣದಲ್ಲಿ 35 ಬೀಜ, ಇನ್ನೊಂದರಲ್ಲಿ 37. ತೂಗಿದರೆ 35ರದ್ದೇ ಭಾರ! ಒಂದು ಬೀಜದಂತೆ ಇನ್ನೊಂದಿಲ್ಲವಲ್ಲ. ಒಂದೇ ತೂಕದ ಬೀಜ ಅಂತ ಹೆಸರಾದದ್ದು ಗುಲಗಂಜಿ, ಅಕ್ಕಸಾಲಿಗರು ಹಿಂದೆ ಅದರಲ್ಲೇ ಚಿನ್ನ ತೂಗುತ್ತಿದ್ದರು. ಆದರೆ ಗುಲಗಂಜಿ ವಿಷ. ಅದನ್ನು ಮಕ್ಕಳ ಕೈಗೆ ಕೊಡಲು ನನಗೆ ಧೈರ್ಯ ಬರಲಿಲ್ಲ.

ಉತ್ತರ ಸಿಕ್ಕಿದ್ದು ಸೈಕಲ್ ಅಂಗಡಿಯಲ್ಲಿ. ಕಾಲು ಇಂಚಿನ ಬೇರಿಂಗ್ ಗುಂಡು. ಒಂದೊಂದೂ 1 ಗ್ರಾಂಗಿಂತ ಕೂದಲೆಳೆ ಜಾಸ್ತಿ, ಎಲ್ಲವೂ ಒಂದೇ ತೂಕ. ಇದಕ್ಕಿಂತ ಒಳ್ಳೆಯ ಪ್ರೋಟಾನ್ ಎಲ್ಲಿ ಸಿಗುತ್ತದೆ? ಮುನ್ನೂರು ಗುಂಡಿಗೆ ಹೆಚ್ಚುಕಡಿಮೆ ಮುನ್ನೂರು ರೂಪಾಯಿ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿಗೆ ನಾನೂರೈವತ್ತು. ಡಬ್ಬಿಗಳು ಮಾತ್ರೆಯವು, ಬಿಳಿ ಬಣ್ಣದವು, ಪುಕ್ಕಟೆ ಸಿಕ್ಕವು.

ಪ್ರೋಟಾನ್ ಆಗಬೇಕಾದ ಗುಂಡುಗಳಿಗೆ ಕೆಂಪು ಉಗುರುಬಣ್ಣ ಹಚ್ಚಿದೆ, ಬಣ್ಣವಿಲ್ಲದ ಬಿಳಿ ಗುಂಡು ನ್ಯೂಟ್ರಾನ್. ಮೊದಲ ಸಲ ಎಲ್ಲ ಎದ್ದು ಬಂತು. ಗುಂಡಿನ ಮೇಲೆ ಎಣ್ಣೆ ಇರುತ್ತದೆ, ಪೆಟ್ರೋಲಿನಲ್ಲಿ ತೊಳೆದು ಒಣಗಿಸಿಯೇ ಬಣ್ಣ ಹಚ್ಚಬೇಕು. ಆ ಕೆಲಸ ಮನೆಯಲ್ಲೇ ಮುಗಿಸಿ, ಮಕ್ಕಳ ಕೈಗೆ ಪೆಟ್ರೋಲ್ ಬೇಡ.

ಎಂಟು ಡಬ್ಬಿ. ಪ್ರಕೃತಿಯಲ್ಲಿ ಎರಡು ಬಗೆಯೂ ಸುಮಾರು ಮೂರಕ್ಕೊಂದರಂತೆ ಇರುವುದರಿಂದ, ಆರರಲ್ಲಿ 17 ಕೆಂಪು, 18 ಬಿಳಿ. ಎರಡರಲ್ಲಿ 17 ಕೆಂಪು, 20 ಬಿಳಿ. ಎಲ್ಲದರ ಮೇಲೂ ಒಂದೇ ಚೀಟಿ: ಕ್ಲೋರಿನ್. ಅಲುಗಾಡಿಸಿದರೆ ಸದ್ದಿನಲ್ಲೇ ಗುಟ್ಟು ಗೊತ್ತಾಗುತ್ತದೆ. ತೂಕ ಹೆಚ್ಚದ ಹಾಗೆ ಆ ಸದ್ದು ಅಡಗಿಸಲು ಒಂದು ಉಪಾಯ ಮಾಡಿದ್ದೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಮ್ಮ ಹೆಡ್ ಮಾಸ್ತರರಿಗೆ ಇದು ಹಿಡಿಸಲಿಲ್ಲ. "ಮಾಸ್ತರರೇ, ಇದಕ್ಕೆ ಎರಡು ಪಿರಿಯಡ್ ಕೊಟ್ಟರೆ ಸಿಲಬಸ್ ಯಾವಾಗ ಮುಗಿಸ್ತೀರಿ?" ಅಂದರು. ಗಣಿತದವರು ಇದು ಪ್ರೈಮರಿ ಮಕ್ಕಳ ಆಟ ಅಂದರು. ಆದರೂ ಎರಡು ಪಿರಿಯಡ್ ತೆಗೆದುಕೊಂಡೆ.

ಖಾಲಿ ಡಬ್ಬಿ ಇಟ್ಟು ತಕ್ಕಡಿ ಸೊನ್ನೆ ಮಾಡಿ, ಒಂದೊಂದೇ ಡಬ್ಬಿ ತೂಗಿಸಿದೆ. ಮೂರನೇ ಡಬ್ಬಿಗೆ ಒಬ್ಬ ಹುಡುಗಿ, "ಸರ್, ತಕ್ಕಡಿ ಕೆಟ್ಟಿದೆ" ಅಂದಳು. ಮತ್ತೆ ತೂಗಿದಳು. ಅದೇ ತೂಕ. ಇನ್ನೊಬ್ಬ, "ಇದು ಕ್ಲೋರಿನ್ ಅಲ್ಲ, ಚೀಟಿ ತಪ್ಪಿದೆ" ಅಂದ. ನಾನು ಬಾಯಿ ಬಿಡಲಿಲ್ಲ. ಮುಚ್ಚಳ ತೆಗೆದು ಎಣಿಸಿದರು. ಕೆಂಪು 17. ಇನ್ನೊಂದು ಡಬ್ಬಿ, 17. ಎಂಟರಲ್ಲೂ 17. ಐಸೋಟೋಪ್, ಅಂದರೆ ಪ್ರೋಟಾನ್ ಅಷ್ಟೇ ಇದ್ದು ನ್ಯೂಟ್ರಾನ್ ಮಾತ್ರ ಬೇರೆಯಾದ ಒಂದೇ ಧಾತುವಿನ ಪರಮಾಣುಗಳು, ಎಂಬ ಪದವನ್ನು ಬೋರ್ಡಿನ ಮೇಲೆ ಬರೆದದ್ದು ಆಮೇಲೆ.

ನಂತರ ಎಂಟೂ ಡಬ್ಬಿ ಒಟ್ಟಿಗೆ: 284 ಗುಂಡು. ಎಂಟರಿಂದ ಭಾಗಿಸಿದರೆ 35.5. "ಹಾಗಾದ್ರೆ ಮೂವತ್ತೈದೂವರೆ ಗುಂಡಿರುವ ಡಬ್ಬಿ ಯಾವುದು, ತೋರಿಸಿ" ಅಂದೆ. ತರಗತಿ ಪೂರ್ತಿ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಅಂಥ ಡಬ್ಬಿಯೇ ಇಲ್ಲ ಸರ್." ಆ ಒಂದು ಮಾತಿಗಾಗಿ ನಾನು ಅಷ್ಟು ವರ್ಷ ಕಾದಿದ್ದೆ.

ಹೈಡ್ರೋಜನ್‌ನಿಂದ ಶುರು ಮಾಡಬೇಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಅದರ ಐಸೋಟೋಪ್‌ಗಳಿಗೆ ಪ್ರೋಟಿಯಂ, ಡ್ಯೂಟೀರಿಯಂ, ಟ್ರಿಟಿಯಂ ಅಂತ ಮೂರು ಹೆಸರು ಕೇಳಿದ ಕೂಡಲೇ ಮಕ್ಕಳು ಮೂರು ಧಾತು ಅಂದುಕೊಳ್ಳುತ್ತಾರೆ. ಕ್ಲೋರಿನ್ ಆದಮೇಲೆ ಹೈಡ್ರೋಜನ್‌ಗೆ ಬನ್ನಿ. ನಮ್ಮ ಉತ್ತರ ಕನ್ನಡದ ಮಕ್ಕಳಿಗೆ ಕೈಗಾ ಅಣುವಿದ್ಯುತ್ ಸ್ಥಾವರ ಗೊತ್ತು. ಅಲ್ಲಿನ ರಿಯಾಕ್ಟರುಗಳಲ್ಲಿರುವ ಭಾರಜಲ ಈ ಡ್ಯೂಟೀರಿಯಂನದೇ, ಅಂದರೆ ಒಂದು ನ್ಯೂಟ್ರಾನ್ ಇರುವ ಹೈಡ್ರೋಜನ್ನಿನದೇ ಅಂತ ಹೇಳಿದರೆ ಸಾಕು. "ಆ ನೀರಿನ ಐಸ್ ನಮ್ಮ ನೀರಲ್ಲಿ ಮುಳುಗುತ್ತಾ ಸರ್?" ಅಂತ ಒಬ್ಬ ಕೇಳಿದ. ಮುಳುಗುತ್ತದೆ! ಎಂಥಾ ಪ್ರಶ್ನೆ ಅಲ್ವಾ?

ಐಸೋಬಾರ್‌ಗೆ, ಅಂದರೆ ಧಾತು ಬೇರೆಯಾದರೂ ಒಟ್ಟು ಕಣ ಅಷ್ಟೇ ಇರುವ ಪರಮಾಣುಗಳಿಗೆ, ಹೆಚ್ಚು ಹೊತ್ತು ಬೇಡ. ಆರ್ಗಾನ್‌ನದೊಂದು ಡಬ್ಬಿ, ಕ್ಯಾಲ್ಸಿಯಂನದೊಂದು, ಎರಡರಲ್ಲೂ 40 ಗುಂಡು. ತೂಕ ಒಂದೇ. ತೆರೆದರೆ ಕೆಂಪು 18 ಮತ್ತು 20.

ಮಳೆಗಾಲದಲ್ಲಿ ಗುಂಡುಗಳಿಗೆ ತುಕ್ಕು ಹಿಡಿಯಿತು. ಒಂದು ಡಬ್ಬಿಯಲ್ಲಿ ಒಂದರ ಬಣ್ಣ ಕಿತ್ತುಹೋಗಿ 16 ಕೆಂಪು, 19 ಬಿಳಿ ಆಯಿತು. ಎಸೆಯಲಿಲ್ಲ, ಅದನ್ನೇ ಪಾಠ ಮಾಡಿದೆ. ತೂಕ ಬದಲಾಗಿಲ್ಲ, ಆದರೆ ಪ್ರೋಟಾನ್ 16 ಅಂದರೆ ಗಂಧಕ, ಹಾಗಾಗಿ ಅದೀಗ ಗಂಧಕ-35. ನಿಜವಾದ ಗಂಧಕ-35ರ ಒಂದು ನ್ಯೂಟ್ರಾನ್ ಬೀಟಾ ಕಣ (ಎಲೆಕ್ಟ್ರಾನ್) ಹೊರಹಾಕಿ ಪ್ರೋಟಾನ್ ಆಗಿ, ಅದು ಕ್ಲೋರಿನ್-35 ಆಗುತ್ತದೆ, ಅರ್ಧಾಯು (ಅರ್ಧದಷ್ಟು ಹೀಗೆ ಬದಲಾಗುವ ಕಾಲ) ಸುಮಾರು 87 ದಿನ. ಒಂದು ಬಿಳಿ ಗುಂಡಿಗೆ ಬಣ್ಣ ಹಚ್ಚಿ ಅದನ್ನೂ ತೋರಿಸಿದೆ.

1919ರಲ್ಲಿ ಬ್ರಿಟಿಷ್ ವಿಜ್ಞಾನಿ ಆಸ್ಟನ್ ಮಾಡಿದ ಯಂತ್ರ, ಹಗುರದವು ಹೆಚ್ಚು ಬಾಗುವ ಹಾಗೆ ಮಾಡಿ, ಕ್ಲೋರಿನ್ನನ್ನು 35, 37 ಅಂತ ಬೇರ್ಪಡಿಸಿತ್ತು. ಅದನ್ನೂ ತೋರಿಸುವ ಆಸೆಯಿಂದ ದೊಡ್ಡ ಗುಂಡು, ಸಣ್ಣ ಗುಂಡುಗಳನ್ನು ಆಯಸ್ಕಾಂತದ ಪಕ್ಕ ಉರುಳಿಸಿದೆ. ಬೇರೆಯಾಗಲಿಲ್ಲ. ಗುಂಡು ದೊಡ್ಡದಾದಷ್ಟೂ ಆಯಸ್ಕಾಂತ ಜೋರಾಗಿ ಎಳೆಯುತ್ತದೆ, ಹಾಗಾಗಿ ಭಾರದ್ದೂ ಹಗುರದ್ದೂ ಹೆಚ್ಚುಕಡಿಮೆ ಒಂದೇ ಸಮ ಬಾಗುತ್ತವೆ. ಎರಡು ವಾರ ಹೋಯಿತು. ಆಮೇಲೆ ಎರಡು ಟೇಬಲ್ ಟೆನಿಸ್ ಚೆಂಡು ತಂದು, ಒಂದಕ್ಕೆ ಮೇಣ ತುಂಬಿ, ಹಲಗೆಯ ಮೇಲಿಂದ ಉರುಳಿಸಿ, ಪಕ್ಕದಿಂದ ಫ್ಯಾನ್ ಹಾಕಿದೆ. ಗಾಳಿ ತಳ್ಳುವುದು ಎರಡನ್ನೂ ಒಂದೇ ಸಮ, ಹಗುರದ ಚೆಂಡು ಮಾತ್ರ ಜಾಸ್ತಿ ಸರಿಯಿತು. ಹಲಗೆ ಎಷ್ಟು ಓರೆ ಇರಬೇಕು ಅನ್ನುವುದನ್ನು ನೀವೇ ಮಾಡಿ ಕಂಡುಕೊಳ್ಳಿ.

ಗಣಿತದವರು ಈಗ ಸರಾಸರಿ ಪಾಠಕ್ಕೆ ನನ್ನ ಡಬ್ಬಿಗಳನ್ನೇ ಒಯ್ಯುತ್ತಾರೆ. ಮುಂದಿನದು ತಾಮ್ರ. 63ರದು ಏಳು ಡಬ್ಬಿ, 65ರದು ಮೂರು. ಒಟ್ಟು 636 ಗುಂಡು ಬೇಕು, ಸೈಕಲ್ ಅಂಗಡಿಯವರಿಗೆ ಹೇಳಿಟ್ಟಿದ್ದೇನೆ.