ಸಣ್ಣ ಉರಿ ಸಾಕು: ರೆಡಿಂಗಿನ ಮನೆಯಲ್ಲಿ ಬಾಯ್ಲರ್ ಜೊತೆ ನನ್ನ ಅನುಭವ

2018ರ ಫೆಬ್ರವರಿ ಕೊನೆಯಲ್ಲಿ ಸೈಬೀರಿಯಾ ಕಡೆಯಿಂದ ಬೀಸಿದ ಶೀತಗಾಳಿಗೆ ಬ್ರಿಟನ್ ಪೂರ್ತಿ ನಡುಗಿತ್ತು. ಆ ವಾರ ಒಂದು ಬೆಳಗಿನ ಜಾವ ರೆಡಿಂಗಿನ ನಮ್ಮ ಮನೆಯ ಬಾಯ್ಲರ್, ಅಂದರೆ ಗ್ಯಾಸಿನಲ್ಲಿ ನೀರು ಕಾಯಿಸಿ ಗೋಡೆಗಿರುವ ರೇಡಿಯೇಟರುಗಳಿಗೆ ಕಳಿಸಿ ಮನೆ ಬೆಚ್ಚಗಿಡುವ ಯಂತ್ರ, ಗುಳುಗುಳು ಸದ್ದು ಮಾಡಿ ನಿಂತೇಹೋಯಿತು. ಮಗಳಿಗೆ ಆಗ ಮೂರು ತಿಂಗಳು. ಬಾಣಂತನಕ್ಕೆಂದು ಸಾಗರದಿಂದ ಬಂದಿದ್ದ ಅಮ್ಮ ಮಗುವನ್ನು ಶಾಲಿನೊಳಗೆ ಅವುಚಿಕೊಂಡು, "ಏನಾತೋ? ಗೋಡೆಯೆಲ್ಲ ತಣ್ಣಗಾಗ್ತಾ ಇದೆ" ಅಂದಳು.

ಕೆಟ್ಟದ್ದು ಬಾಯ್ಲರ್ ಅಲ್ಲ. ಈಗಿನ ಬಾಯ್ಲರುಗಳಲ್ಲಿ ಹೊಗೆಯಲ್ಲಿರುವ ಹಬೆ ತಣಿದು ನೀರಾಗಿ ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಹೆಬ್ಬೆರಳು ಗಾತ್ರದ ಆ ಪೈಪು ಹೊರಗೋಡೆಯ ಮೇಲೆ ಎರಡು ಮೀಟರ್ ಬರಿಮೈಯಲ್ಲಿ ಓಡಿತ್ತು. ಒಳಗಿನ ನೀರು ಹೆಪ್ಪುಗಟ್ಟಿದ್ದರಿಂದ ಬಾಯ್ಲರ್ ತಾನಾಗಿ ಆರಿತ್ತು. ಕುದಿನೀರು ಸುರಿದರೆ ಪೈಪ್ ಬಿರುಕು ಬಿಡುತ್ತದೆ, ಹಾಗಾಗಿ ಕೈಗೆ ತಾಳುವಷ್ಟು ಬೆಚ್ಚಗಿನ ನೀರನ್ನು ಕೆಳತುದಿಯಿಂದ ಹೊಯ್ಯುತ್ತಾ ಬಂದೆ. ನಾಲ್ಕನೇ ಚೊಂಬಿಗೆ ಮೇಣದಬತ್ತಿಯಂಥ ಮಂಜುಗಡ್ಡೆಯ ತುಂಡೊಂದು ಜಾರಿ ಬಿತ್ತು. ರೀಸೆಟ್ ಒತ್ತಿದೆ, ಉರಿ ಹತ್ತಿತು.

ಆ ಬಾಯ್ಲರಿಗೆ 14 ವರ್ಷವಾಗಿತ್ತು, ಬಿಡಿಭಾಗ ಸಿಗುತ್ತಿರಲಿಲ್ಲ. ಜೂನಿನಲ್ಲಿ ಬದಲಿಸಿದೆವು. ಬೇಸಿಗೆಯಲ್ಲೇ ಮಾಡಿಸಿ. ಚಳಿಗಾಲದಲ್ಲಿ ಕೆಟ್ಟರೆ ಯಾರು ಸಿಗುತ್ತಾರೋ ಅವರು ಹೇಳಿದ್ದನ್ನೇ ಕೊಳ್ಳಬೇಕಾಗುತ್ತದೆ.

ಬಾಯ್ಲರ್ ಹಾಕಲು ಮನೆ ನೋಡಿಹೋಗಲು ಬಂದ ಒಬ್ಬರು, ಮೂರು ಬೆಡ್‌ರೂಮ್ ಇದೆ ಅಂತ ಕೇಳಿದವರೇ 40 ಕಿಲೋವ್ಯಾಟ್ ಹಾಕಿಸಿ ಅಂದರು. ನನಗೆ ಬೇಕಿದ್ದದ್ದು ಕಾಂಬಿ, ಅಂದರೆ ಮನೆ ಬೆಚ್ಚಗಿಡುವ ಜೊತೆಗೆ ನಲ್ಲಿ ತಿರುಗಿಸಿದಾಗಲೇ ಅದರ ನೀರನ್ನೂ ಕಾಯಿಸಿ ಕೊಡುವ ಬಾಯ್ಲರ್. ಹಾಗಾಗಿ ಎಷ್ಟು ನೀರು ಬರುತ್ತದೆ ಅಂತ ನೋಡಲು ಅಡುಗೆಮನೆ ನಲ್ಲಿಗೆ ಬಕೆಟ್ ಹಿಡಿದೆ. 10 ಲೀಟರ್ ತುಂಬಲು 50 ಸೆಕೆಂಡ್, ಅಂದರೆ ನಿಮಿಷಕ್ಕೆ 12 ಲೀಟರ್. ಚಳಿಗಾಲದಲ್ಲಿ 5 ಡಿಗ್ರಿಯಲ್ಲಿ ಬರುವ ಅಷ್ಟು ನೀರನ್ನು 40ಕ್ಕೆ ಏರಿಸಲು 30 ಕಿಲೋವ್ಯಾಟ್ ಸಾಕು. ಬೀದಿ ಪೈಪಿನಲ್ಲೇ ಬರದ ನೀರನ್ನು ಬಾಯ್ಲರ್ ಎಲ್ಲಿಂದ ಕೊಡೀತು?

ಮನೆ ಬೆಚ್ಚಗಿಡುವ ಲೆಕ್ಕ ಬೇರೆಯೇ. ಕೋಣೆ ಕೋಣೆ ಅಳೆದು ಲೆಕ್ಕ ಹಾಕಿದಾಗ ಕೊರೆಯುವ ಚಳಿಯಲ್ಲೂ ನಮಗೆ ಬೇಕಾದ್ದು 7 ಕಿಲೋವ್ಯಾಟ್ ಅಷ್ಟೇ. ಹಾಗಾಗಿ ನಾನು ಕೇಳಿದ್ದು ಎಷ್ಟು ಜೋರಾಗಿ ಉರಿಯುತ್ತದೆ ಅಂತಲ್ಲ, ಎಷ್ಟು ಸಣ್ಣಗೆ ಉರಿಯಬಲ್ಲದು ಅಂತ. ಉರಿ 3 ಕಿಲೋವ್ಯಾಟ್‌ವರೆಗೂ ಇಳಿಯುವ 30ರ ಕಾಂಬಿಯನ್ನು ಆರಿಸಿದೆ. ಅಷ್ಟು ಇಳಿಯದ್ದು ಅಕ್ಟೋಬರಿನ ಹದವಾದ ಚಳಿಯಲ್ಲಿ ಗಳಿಗೆಗೊಮ್ಮೆ ಹತ್ತಿ ಆರಿ, ಹತ್ತಿ ಆರಿ ಬೇಗ ಸವೆಯುತ್ತದೆ.

ಇದು ಅಮ್ಮನಿಗೆ ಗೊತ್ತಿದ್ದ ವಿಷಯ. ನಮ್ಮೂರಿನ ಬಚ್ಚಲಮನೆಯ ಹಂಡೆ ಒಲೆಗೆ ರಾತ್ರಿ ಒಂದು ಕೊರಡು ತುರುಕಿಟ್ಟರೆ ಬೆಳಗಿನವರೆಗೂ ಕೆಂಡ ಉಳಿದು ನೀರು ಬಿಸಿಯಾಗೇ ಇರುತ್ತಿತ್ತು. ಅಡಿಕೆ ಸೋಗೆ ಒಟ್ಟಿ ಭಗ್ಗನೆ ಉರಿಸಿದರೆ ಶಾಖವೆಲ್ಲ ಹೊಗೆಯ ಜೊತೆ ಹೋಯಿತು ಅಂತಲೇ ಲೆಕ್ಕ.

ಹಾಕಿಸಿದವರು ರೇಡಿಯೇಟರಿಗೆ ಹೋಗುವ ನೀರನ್ನು 75 ಡಿಗ್ರಿಗಿಟ್ಟು ಹೋಗಿದ್ದರು. ವಾಪಸ್ ಬರುವ ನೀರು 55ಕ್ಕಿಂತ ತಣ್ಣಗಿದ್ದರೆ ಮಾತ್ರ ಹೊಗೆಯ ಹಬೆ ನೀರಾಗಿ, ಅದರ ಶಾಖ ಮನೆಗೆ ಸಿಗುವುದು. ನಾನು ಹೋಗುವ ನೀರನ್ನು 55ಕ್ಕೆ ಇಳಿಸಿದೆ, ಸೊನ್ನೆಗಿಂತ ಕೆಳಗಿನ ದಿನಗಳಲ್ಲಿ 60. ಮನೆ ನಿಧಾನಕ್ಕೆ ಬೆಚ್ಚಗಾಗುವುದರಿಂದ ರಾತ್ರಿ ಪೂರ್ತಿ ಆರಿಸದೆ ಥರ್ಮೋಸ್ಟಾಟನ್ನು 17ಕ್ಕೆ ಬಿಡುತ್ತೇನೆ. ಆದರೆ ಬಿಸಿನೀರು ತುಂಬಿಡುವ ಸಿಲಿಂಡರ್ ಇರುವ ಮನೆಯವರು ಹೀಗೆ ಇಳಿಸಬೇಡಿ. ಲೀಜನೆಲ್ಲ ಬ್ಯಾಕ್ಟೀರಿಯಾ ಬೆಳೆಯದಂತೆ ಸಿಲಿಂಡರಿನ ನೀರು 60 ಡಿಗ್ರಿ ಮುಟ್ಟಲೇಬೇಕು.

ನಾನು ತಪ್ಪು ಮಾಡಿದ್ದು ನಾಲ್ಕನೇ ಚಳಿಗಾಲದಲ್ಲಿ. ತಣ್ಣಗಿದ್ದಾಗ 1ರಿಂದ 1.5 ಬಾರ್ ನಡುವೆ ನಿಲ್ಲಬೇಕಾದ, ಬಾಯ್ಲರಿನ ನೀರಿನ ಒತ್ತಡ ತೋರಿಸುವ ಮುಳ್ಳು 0.4ಕ್ಕೆ ಬಿದ್ದಿರುತ್ತಿತ್ತು. ನೀರು ತುಂಬಿಸುತ್ತಿದ್ದೆ, ಮೂರು ದಿನಕ್ಕೆ ಮತ್ತೆ ಬೀಳುತ್ತಿತ್ತು. ಹೀಗೇ ಒಂದು ತಿಂಗಳು ಕಳೆದೆ. ಬಿಸಿಯಾದಾಗ ಅದೇ ಮುಳ್ಳು 3ರ ಹತ್ತಿರ ಏರುತ್ತಿದ್ದುದನ್ನು ನೋಡಲೇ ಇಲ್ಲ. ಒತ್ತಡ ಹೆಚ್ಚಾದಾಗ ನೀರು ಹೊರಬಿಡುವ, ಹೊರಗೋಡೆಯ ತಾಮ್ರದ ಕೊಳವೆ ತೊಟ್ಟಿಕ್ಕುವುದನ್ನು ಕಂಡ ಮೇಲಷ್ಟೇ ಎಂಜಿನಿಯರನ್ನು ಕರೆದೆ. ಕಾದ ನೀರು ಹಿಗ್ಗಲು ಜಾಗ ಕೊಡುವ ಗಾಳಿಡಬ್ಬಿಯಲ್ಲಿ ಗಾಳಿ ಇಳಿದುಹೋಗಿತ್ತು. ಸೈಕಲ್ ಟೈರಿನದರಂಥ ವಾಲ್ವಿಗೆ ಪಂಪ್ ಹಚ್ಚಿ ತುಂಬಿಸಿದರು, ಹತ್ತೇ ನಿಮಿಷದ ಕೆಲಸ.

ಆಮೇಲೆ ಮ್ಯಾಗ್ನೆಟ್ ಫಿಲ್ಟರ್ ಬಿಚ್ಚಿ ತೋರಿಸಿದರು. ಕಡ್ಡಿಯ ಸುತ್ತ ಹಂಡೆ ತಳದ ಮಸಿಯಂಥ ಕಪ್ಪು ರಾಡಿ ಬೆರಳು ದಪ್ಪ ಮೆತ್ತಿತ್ತು. ಅದು ರೇಡಿಯೇಟರುಗಳ ಒಳಗಿನ ತುಕ್ಕು. ಪದೇಪದೇ ತುಂಬಿಸಿದ ಹೊಸ ನೀರಿನ ಜೊತೆ ಆಮ್ಲಜನಕವನ್ನೂ ನಾನೇ ಒಳಗೆ ಬಿಟ್ಟಿದ್ದೆ. ಫಿಲ್ಟರ್ ತೊಳೆದು, ತುಕ್ಕು ತಡೆಯುವ ದ್ರಾವಣ ಹೊಸದಾಗಿ ಹಾಕಿಸಿದೆ.

ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದರೆ ಕೀಲಿ ತಿರುಗಿಸಿ ಗಾಳಿ ಬಿಡುವುದು, ವಾರಕ್ಕೊಮ್ಮೆ ಮುಳ್ಳು ನೋಡುವುದು, ಕಾರ್ಬನ್ ಮಾನಾಕ್ಸೈಡ್ ಅಲಾರಂನ ಗುಂಡಿ ಒತ್ತಿ ಪರೀಕ್ಷಿಸುವುದು, ಇಷ್ಟು ನನ್ನ ಕೆಲಸ. ಬಾಯ್ಲರಿನ ಮುಚ್ಚಳಕ್ಕೆ ಕೈಹಾಕುವುದಿಲ್ಲ. ಅದು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ, ಅಂದರೆ ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಅಧಿಕೃತ ಪಟ್ಟಿಯಲ್ಲಿ, ಇರುವವರ ಕೆಲಸ. ಅವರ ಕಾರ್ಡಿನ ಹಿಂಬದಿಯಲ್ಲಿ ಯಾವ್ಯಾವ ಕೆಲಸಕ್ಕೆ ಅರ್ಹರು ಎಂದು ಬರೆದಿರುತ್ತದೆ, ಕೇಳಿ ನೋಡಿ, ಸಂಕೋಚ ಬೇಡ. ಪ್ರತಿ ಸೆಪ್ಟೆಂಬರಿನಲ್ಲಿ ಸರ್ವಿಸ್ ಮಾಡಿಸಿ ಪುಸ್ತಕದಲ್ಲಿ ಬರೆಸುತ್ತೇನೆ, ಒಂದು ವರ್ಷ ತಪ್ಪಿದರೂ ನಮ್ಮ ವಾರಂಟಿ ಹೋಗುತ್ತದೆ. ಅಂದು ಹೆಪ್ಪುಗಟ್ಟಿದ್ದ ಹೊರಗಿನ ಪ್ಲಾಸ್ಟಿಕ್ ಪೈಪನ್ನು ದಪ್ಪದ್ದಕ್ಕೆ ಬದಲಿಸಿ ಫೋಮ್ ಸುತ್ತಿಸಿದ್ದೇವೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಹೀಟಿಂಗ್ ಓಡಿಸಿ, ರೇಡಿಯೇಟರ್ ವಾಲ್ವುಗಳನ್ನೆಲ್ಲ ಒಮ್ಮೆ ತಿರುಗಿಸಿಡುತ್ತೇನೆ. ಹಾಗೇ ಬಿಟ್ಟರೆ ಪಂಪೂ ವಾಲ್ವಿನ ಪಿನ್ನೂ ಹಿಡಿದುಕೊಂಡು, ಅಕ್ಟೋಬರಿನ ಮೊದಲ ಚಳಿಗೆ ಕೈಕೊಡುತ್ತವೆ.